ದೊಡ್ಡಮ್ಮ ತೊಳೆದ ರೀಲು

ಶನಿವಾರ ಬೆಳಗ್ಗೆ ಏಳೂವರೆಗೆ ತುಮಕೂರು ಬಿಟ್ಟೆ. ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿನಲ್ಲಿರುವ ನಮ್ಮ ದೊಡ್ಡಮ್ಮನಿಗೆ ಕಣ್ಣಿನ ಪೊರೆ ತೆಗೆಸಿ ಹತ್ತು ದಿನವಾಗಿತ್ತು. ಕಣ್ಣು ಬಂದಿದೆ, ನೀನು ಹೇಗಿದ್ದೀಯೋ ನೋಡಬೇಕು, ಬಾ ಎಂದು ಫೋನಿನಲ್ಲಿ ಅಪ್ಪಣೆಯಾಗಿತ್ತು. ಸೋಮವಾರದ ರಜೆಯೂ ಸೇರಿ ಮೂರು ದಿನ ಸಿಕ್ಕಿತ್ತು. ಚೀಲದಲ್ಲಿ ಎರಡು ಸೀರೆ, ದೊಡ್ಡಮ್ಮನಿಗೆಂದು ಮೆತ್ತನೆಯ ಬನ್ನು, ನನ್ನ ಕ್ಯಾಮೆರಾ, ಎರಡು ರೀಲು ಇದ್ದವು.

ಕ್ಯಾಮೆರಾದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಹಿಂದಿ ಟೀಚರು. ಕೆಲಸ ಸಿಕ್ಕ ಹೊಸದರಲ್ಲಿ ಕೊಂಡ ಆ ಕಬ್ಬಿಣದ ಗುಂಡಿನಂಥ ರೀಲು ಕ್ಯಾಮೆರಾವನ್ನು ಇವತ್ತಿಗೂ ಬಿಟ್ಟಿಲ್ಲ. ಡಿಜಿಟಲ್ ಕೆಟ್ಟದ್ದು ಎಂದು ಜಗಳಕ್ಕೆ ನಿಲ್ಲುವವಳೂ ಅಲ್ಲ. ನನ್ನ ಫೋನಿನಲ್ಲೂ ಸಾವಿರಗಟ್ಟಲೆ ಫೋಟೋಗಳಿವೆ, ಅವನ್ನು ನಾನೂ ನೋಡುವುದಿಲ್ಲ, ಬೇರೆಯವರೂ ನೋಡುವುದಿಲ್ಲ. ರೀಲಿನಲ್ಲಿ ಮೂವತ್ತಾರೇ ಇರುವುದರಿಂದ ಮೂವತ್ತಾರನ್ನೂ ನೋಡುತ್ತೇನೆ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದರೆ, ಟೀಚರು ಚೆನ್ನಾಗಿ ರೀಲು ಬಿಡುತ್ತಾರೆ ಎಂದು ನಗುತ್ತಾರೆ.

ಸರ್ಕಾರಿ ಬಸ್ಸಿಗೆ ಕಾದಿದ್ದರೆ ಹೆಂಗಸರಿಗೆ ಟಿಕೆಟ್ಟೇ ಇರುತ್ತಿರಲಿಲ್ಲ. ನನಗೆ ತಾಳ್ಮೆ ಕಡಿಮೆ. ಎದುರಿಗೆ ನಿಂತಿದ್ದ ಪ್ರೈವೇಟ್ ಬಸ್ಸು ಹತ್ತಿದೆ. ಕೊರಟಗೆರೆಯಲ್ಲಿ ಸಂತೆಗೆ ಬಂದವರ ಕೋಳಿ, ಸೊಪ್ಪಿನ ಮೂಟೆಗಳೆಲ್ಲ ಇಳಿಯುವವರೆಗೆ ಕಾಲು ಗಂಟೆ ನಿಂತಿತು. ಕಿಟಕಿಯಿಂದ ಎರಡು ಫೋಟೋ ತೆಗೆದೆ. ಕಂಡಕ್ಟರ್ ಬಗ್ಗಿ ನೋಡಿ ಅದರಲ್ಲಿ ಏನು ಮಾಡುತ್ತೀರಿ ಎಂದ. ರೀಲು ಎಂದೆ. "ಓ, ರೀಲ್ಸಾ ಮೇಡಂ? ಹಂಗಾದ್ರೆ ನಮ್ ಬಸ್ಸುನ್ನೂ ಒಸಿ ಹಾಕಿ" ಎಂದು ತಲೆ ಬಾಚಿಕೊಂಡು ಬಂದು ನಿಂತ. ಬಿಡಿಸಿ ಹೇಳುವ ಉತ್ಸಾಹ ನನಗಿರಲಿಲ್ಲ. ಒಂದು ಫೋಟೋ ತೆಗೆದು ಆಯಿತಪ್ಪ ಎಂದೆ.

ಮಧುಗಿರಿಯಲ್ಲಿ ಬಸ್ಸು ಬದಲಿಸಬೇಕು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಎರಡು ತಟ್ಟೆ ಇಡ್ಲಿ ತಿಂದೆ. ಚಟ್ನಿ ನೀರಾಗಿತ್ತು, ಕಾಫಿ ಚೆನ್ನಾಗಿತ್ತು. ಬೆಟ್ಟ ಎದುರಿಗೇ ಇತ್ತು. ಅಷ್ಟು ದೊಡ್ಡ ಒಂದೇ ಬಂಡೆಯನ್ನು ಯಾವ ಕಡೆಯಿಂದ ಹಿಡಿದರೂ ಅರ್ಧವೇ ಸಿಗುತ್ತದೆ. ಬಿಸಿಲು ಕೋಟೆಯ ಗೋಡೆಗೆ ಬರುವವರೆಗೆ ಕಾದು ಮೂರು ಫೋಟೋ ತೆಗೆದೆ. ಈ ಪ್ರವಾಸದ ದೊಡ್ಡ ಸಾಧನೆ ಅವೇ ಎಂದು ಆಗ ಅಂದುಕೊಂಡಿದ್ದೆ.

ಅಲ್ಲಿಂದ ಸರ್ಕಾರಿ ಬಸ್ಸು ಸಿಕ್ಕಿತು. ಪಾವಗಡದ ದಾರಿ ನಡುನಡುವೆ ಆಂಧ್ರದ ನೆಲವನ್ನು ತುಳಿದು ಹೋಗುತ್ತದೆ, ಅಂಗಡಿಗಳ ಬೋರ್ಡು ತೆಲುಗಿಗೆ ತಿರುಗಿ ಮತ್ತೆ ಕನ್ನಡಕ್ಕೆ ಬರುತ್ತದೆ. ಮಾಘ ಇನ್ನೂ ಮುಗಿದಿರಲಿಲ್ಲ, ಆಗಲೇ ಕಿಟಕಿಯ ಸರಳು ಮುಟ್ಟಿದರೆ ಸುಡುತ್ತಿತ್ತು. ಪಾವಗಡದಲ್ಲಿ ಆಟೊ ಹಿಡಿದು ಊರು ಸೇರುವಾಗ ಮಧ್ಯಾಹ್ನ ಎರಡು. ದೊಡ್ಡಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಳು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಇಷ್ಟೊಂದು ಕೂದಲು ಬೆಳ್ಳಗಾಗಿದ್ದನ್ನು ಫೋನಿನಲ್ಲಿ ಹೇಳಲೇ ಇಲ್ಲವಲ್ಲ ಎಂದು ಆಕ್ಷೇಪಿಸಿದಳು. ಆಮೇಲೆ ಮುದ್ದೆ, ಕಡಲೆಕಾಯಿ ಚಟ್ನಿ, ಮೇಲೆ ಬೆಣ್ಣೆ.

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು. ದೊಡ್ಡಮ್ಮನಿಗೂ ಹಿಂದೂಪುರದಲ್ಲಿರುವ ನಮ್ಮ ಚಿಕ್ಕಮ್ಮನಿಗೂ ಐದು ವರ್ಷದಿಂದ ಮಾತಿರಲಿಲ್ಲ. ಅದಕ್ಕೆ ಕಾರಣ ಒಂದು ಫೋನ್ ಫೋಟೋ. ಚಿಕ್ಕಮ್ಮನ ಮನೆಯ ಗೃಹಪ್ರವೇಶದ ದಿನ ಊಟ ಮುಗಿಸಿ ಗೋಡೆಗೊರಗಿ ಬಾಯಿ ತೆರೆದು ಮಲಗಿದ್ದ ದೊಡ್ಡಮ್ಮನನ್ನು ಯಾರೋ ಹಿಡಿದು ನೆಂಟರ ಗ್ರೂಪಿಗೆ ಹಾಕಿದರು. ಅವಳು ಎದ್ದು ಕೂರುವಷ್ಟರಲ್ಲಿ ಮನೆಯೆಲ್ಲ ನಗುತ್ತಿತ್ತು, ಚಿಕ್ಕಮ್ಮನೂ ನಕ್ಕಳು. ಪೊರೆ ಬಂದ ಕಣ್ಣಿಗೆ ಆ ಫೋಟೋ ಸರಿಯಾಗಿ ಕಾಣಲೂ ಇಲ್ಲ, ನಗು ಮಾತ್ರ ಕೇಳಿಸಿತು. ಅವತ್ತು ಎದ್ದು ಬಂದವಳು ಹಿಂದೂಪುರದ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಇಬ್ಬರ ನಡುವಿನ ಸೋದರಿ ನಮ್ಮಮ್ಮ. ಅವಳು ಇದ್ದಿದ್ದರೆ ಅಕ್ಕನ ಮಾತು ತಂಗಿಗೆ, ತಂಗಿಯ ಮಾತು ಅಕ್ಕನಿಗೆ ಸಾಗಿಸಿ ಹೇಗೋ ಸರಿಮಾಡುತ್ತಿದ್ದಳು. ನನಗೆ ಆ ಜಾಣತನ ಬರಲಿಲ್ಲ. ಅಂದಿನಿಂದ ದೊಡ್ಡಮ್ಮ ಯಾರ ಫೋನಿಗೂ ಮುಖ ಕೊಟ್ಟಿಲ್ಲ.

ಭಾನುವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಬಾಗಿಲಲ್ಲಿ ಆಟೊ ನಿಂತಿತು. ಇಳಿದವಳು ಚಿಕ್ಕಮ್ಮ. ಆಪರೇಷನ್ ಸುದ್ದಿ ಯಾರಿಂದಲೋ ಕೇಳಿ, ಹೇಳದೆ ಕೇಳದೆ ಒಬ್ಬಳೇ ಬಂದಿದ್ದಳು. ಕೈಯಲ್ಲಿ ಹಣ್ಣಿನ ಚೀಲ ಹಿಡಿದು ಜಗಲಿಯ ಕೆಳಗೇ ನಿಂತಳು. ದೊಡ್ಡಮ್ಮ ಎದ್ದು ಒಳಗೆ ಹೋಗಿಬಿಟ್ಟರೆ ಏನು ಗತಿ ಎಂದುಕೊಂಡೆ. ಹಿಂದೂಪುರ ಸೇರಿದ ಮೇಲೆ ಚಿಕ್ಕಮ್ಮನ ಕನ್ನಡಕ್ಕೆ ತೆಲುಗು ಅಂಟಿದೆ.

"ನಾನು ಕನಪಡ್ತಾ ಇದೀನಾ ಅಕ್ಕಾ?" ಎಂದಳು, ಕಾಣಿಸುತ್ತಿದ್ದೇನಾ ಎಂದು.

ದೊಡ್ಡಮ್ಮ ಕಪ್ಪು ಕನ್ನಡಕ ತೆಗೆದು ಬಹಳ ಹೊತ್ತು ನೋಡಿದಳು. "ಎಷ್ಟು ಬಡವಾಗ್ಬುಟ್ಟೆ ಕಣೇ" ಎಂದಳು.

ಅಷ್ಟೇ. ಹಳೆಯದನ್ನು ಇಬ್ಬರೂ ಎತ್ತಲಿಲ್ಲ. ಅಕ್ಕಪಕ್ಕ ಕೂತು ಕಡಲೆಕಾಯಿ ಬಿಡಿಸುತ್ತಾ ಮಳೆ, ಮೊಣಕಾಲು, ಸೋಲಾರ್ ಪಾರ್ಕಿಗೆ ಕೊಟ್ಟ ಹೊಲ, ಹೀಗೆ ಬೇರೆಯೇ ಮಾತಾಡಿದರು. ಊಟವಾದ ಮೇಲೆ ದೊಡ್ಡಮ್ಮನೇ ನನ್ನನ್ನು ಕೂಗಿದಳು. "ನಿನ್ನ ರೀಲು ಡಬ್ಬ ತಗಂಬಾ. ಇಬ್ರುನೂ ಒಂದ್ರಾಗೆ ಹಿಡಿ. ಫೋನ್ ಬ್ಯಾಡ. ರೀಲಾದ್ರೆ ತೆಗ್ದ ತಕ್ಷಣ ನೋಡಿ ಯಾರೂ ನಗಕ್ಕಾಗಲ್ಲ."

ರೀಲು ಕ್ಯಾಮೆರಾದ ಪರವಾಗಿ ನಾನು ವರ್ಷಾನುಗಟ್ಟಲೆ ಮಾಡಿದ ವಾದಗಳೆಲ್ಲ ಈ ಒಂದು ಮಾತಿನ ಮುಂದೆ ಸಪ್ಪೆ. ನೋಡಿದೆ, ನಿನ್ನೆ ಸಂಜೆಯಿಂದ ಊರೆಲ್ಲ ಸುತ್ತಿ ತೆಗೆದು ರೀಲಿನಲ್ಲಿ ಕೊನೆಯ ಎರಡೇ ಉಳಿದಿದ್ದವು. ಮೊದಲನೆಯದಕ್ಕೆ ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಎರಡನೆಯದಕ್ಕೆ ಚಿಕ್ಕಮ್ಮ ಏನೋ ಪಿಸುಗುಟ್ಟಿದಳು, ದೊಡ್ಡಮ್ಮ ಅವಳ ತೊಡೆಗೆ ಒಂದು ಏಟು ಕೊಟ್ಟಳು, ನಾನು ಒತ್ತಿದೆ. ಹೇಗೆ ಬಂತೋ ನನಗೂ ಗೊತ್ತಿಲ್ಲ. ಮೂರು ಗಂಟೆಗೆ ಚಿಕ್ಕಮ್ಮ ಹೊರಟಳು. ಮನೆಗೆ ಬಾ ಎಂದು ಅವಳೂ ಕರೆಯಲಿಲ್ಲ, ಬರುತ್ತೇನೆ ಎಂದು ಇವಳೂ ಅನ್ನಲಿಲ್ಲ. ಇವರನ್ನು ಹೀಗೆ ಇನ್ನೊಂದು ಸಲ ಕೂರಿಸುವುದು ಯಾರ ಕೈಲೂ ಆಗುವ ಮಾತಲ್ಲ ಎಂದು ನನಗೆ ಗೊತ್ತಿತ್ತು.

ಸಂಜೆ ರೀಲು ಸುತ್ತಿ ಹೊರತೆಗೆದು ಗೋಡೆಯ ಗೂಡಿನಲ್ಲಿಟ್ಟೆ. ಫೋಟೋ ಯಾವಾಗ ಬರುತ್ತದೆ ಎಂದು ದೊಡ್ಡಮ್ಮ ಕೇಳಿದಳು. ಇನ್ನೂ ತೊಳೆಸಬೇಕು ದೊಡ್ಡಮ್ಮ ಎಂದೆ. ರೀಲನ್ನು ಕತ್ತಲೆ ಕೋಣೆಯಲ್ಲಿ ಡೆವಲಪ್ ಮಾಡಿಸುವುದಕ್ಕೆ ನಮ್ಮ ಕಡೆ ಮೊದಲಿನಿಂದಲೂ ತೊಳೆಸುವುದು ಅಂತಲೇ ಅನ್ನುವುದು.

ಸೋಮವಾರ ಏಳಕ್ಕೇ ಎದ್ದು ಹೊಸ ರೀಲು ಹಾಕಿಕೊಂಡು ತಿರುಮಣಿಯ ಕಡೆ ಹೋದೆ. ಕಣ್ಣು ಹಾಯುವವರೆಗೂ ಸೋಲಾರ್ ಹಲಗೆಗಳು ಪೂರ್ವಕ್ಕೆ ಮುಖ ಮಾಡಿ ನಿಂತಿದ್ದವು. ಬೇಲಿಯ ಈಚೆ ಕುರಿ ಮೇಯಿಸುತ್ತಿದ್ದವನೊಬ್ಬ ಒಳಗಿನ ಹುಲ್ಲು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದ. ನಾಲ್ಕು ಫೋಟೋ ತೆಗೆದು ಒಂಬತ್ತೂವರೆಗೆ ಮನೆಗೆ ಬಂದೆ.

ಗೂಡಿನಲ್ಲಿ ರೀಲು ಇರಲಿಲ್ಲ. ಹಿತ್ತಲಿನ ಕಲ್ಲಿನ ಮೇಲೆ ಒಂದು ಚೊಂಬು ನೀರು, ನೀರಿನಲ್ಲಿ ನನ್ನ ರೀಲು. ಪಕ್ಕದಲ್ಲಿ ಈಳಿಗೆಮಣೆ.

"ತೊಳಿಸ್ಬೇಕು ಅಂದ್ಯಲ್ಲ" ಎಂದಳು ದೊಡ್ಡಮ್ಮ. "ನಾನಿರುವಾಗ ಪ್ಯಾಟೇಲಿ ಯಾಕೆ ತೊಳ್ಸೋದು ಅಂತ ತೊಳೆದ್ಬುಟ್ಟೆ ಕಣಮ್ಮ. ಸೋಪು ಹಾಕಿಲ್ಲ, ಬಣ್ಣ ಹೋದೀತು ಅಂತ. ಬಾಯಿ ಗಟ್ಟಿ ಐತೆ, ಬಿಚ್ಚಕ್ಕೆ ಬರ್ಲಿಲ್ಲ, ನೀನೇ ಬಿಚ್ಕೊಡು, ಬಿಸ್ಲಿಗೆ ಹಾಕಾನ."

ಅಲ್ಲೇ ಕಲ್ಲಿನ ಮೇಲೆ ಕೂತೆ. ಬಯ್ಯಲು ಬಾಯಿ ತೆರೆದವಳು ಅವಳ ಮುಖ ನೋಡಿ ಮುಚ್ಚಿಕೊಂಡೆ. ನನ್ನ ಮುಖ ಓದುವಷ್ಟು ಅವಳಿಗೆ ಈಗ ಕಾಣುತ್ತಿತ್ತು. "ಹಾಳ್ಮಾಡ್ಬುಟ್ನಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ, ಅದು ನಿಜವೂ ಆಗಿತ್ತು.

ಸಿರಾದ ಗಫಾರ್ ಸಾಬರಿಗೆ ಫೋನ್ ಮಾಡಿದೆ. ಮೊದಲು ಮದುವೆಗಳಿಗೆಲ್ಲ ಅವರದೇ ಕ್ಯಾಮೆರಾ. ಈಗ ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸು ನಡೆಯುತ್ತದೆ. ಆದರೂ ಹಿಂದಿನ ಕತ್ತಲೆ ಕೋಣೆಯನ್ನು ಮುಚ್ಚಿಲ್ಲ. ವರ್ಷಕ್ಕೆ ನಾಲ್ಕೈದು ರೀಲು ತರುವ ಹುಚ್ಚಿ ನಾನೊಬ್ಬಳಿದ್ದೇನೆ ಎಂದು. ನಡೆದದ್ದೆಲ್ಲ ಕೇಳಿ ಅವರು ನಗಲಿಲ್ಲ. ಡಬ್ಬಿ ಬಿಚ್ಚಿದ್ದಾರಾ ಎಂದು ಮೊದಲು ಕೇಳಿದರು. ಇಲ್ಲ ಎಂದೆ. "ಹಂಗಾದ್ರೆ ಬೆಳಕು ಬಿದ್ದಿಲ್ಲ, ಅರ್ಧ ಗೆದ್ವಿ. ಒಣಗ್ಸಬೇಡಿ ಮೇಡಂ. ಒಣಗಿದ್ರೆ ಒಂದಕ್ಕೊಂದು ಅಂಟ್ಕೊಂಡು ಖಲಾಸ್. ನೀರಲ್ಲೇ ಇಟ್ಕೊಂಡು ಇವತ್ತೇ ಬನ್ನಿ. ತಣ್ಣಗಿರಲಿ" ಎಂದರು.

ದೊಡ್ಡಮ್ಮ ಬಿಗಿಯಾದ ಮುಚ್ಚಳದ, ಮೇಲೆ ಹಿಡಿಯಿರುವ ಸ್ಟೀಲಿನ ತೂಕುಡಬ್ಬಿ ತಂದಳು. ಮಡಕೆಯ ನೀರು ತುಂಬಿ, ರೀಲು ಇಳಿಸಿ, ಹೊರಗೆ ಒದ್ದೆ ಬಟ್ಟೆ ಸುತ್ತಿದಳು. ಆಟೊದವರೆಗೂ ಅದನ್ನು ತಾನೇ ಹಿಡಿದುಕೊಂಡು ಬಂದಳು. ತನ್ನ ಫೋಟೋ ಬೇಡವೆಂದು ಐದು ವರ್ಷ ಹಟ ಹಿಡಿದವಳು, ಬೇಕೆಂದ ಒಂದೇ ಒಂದನ್ನು ತನ್ನ ಕೈಯಾರೆ ನೀರಿಗೆ ಹಾಕಿದ್ದಳು.

ಪಾವಗಡದಿಂದ ಮಡಕಶಿರಾ ಮೇಲೆ ಸಿರಾಕ್ಕೆ ಹೋಗುವ ಬಸ್ಸು ಹನ್ನೊಂದಕ್ಕೆ ಸಿಕ್ಕಿತು. ಸೀಟಿರಲಿಲ್ಲ. ಪಕ್ಕದ ಹೆಂಗಸು ಸಾರು ಚೆಲ್ಲುತ್ತದೆ ಕೆಳಗಿಡಮ್ಮ ಎಂದಳು. ಸಾರಲ್ಲ, ಫೋಟೋ ಎಂದೆ. ಅವಳು ಸ್ವಲ್ಪ ಸರಿದು ನಿಂತಳು. ಮಡಕಶಿರಾದಲ್ಲಿ ಅರ್ಧ ಗಂಟೆ ಬಸ್ಸು ಅಲ್ಲಾಡಲಿಲ್ಲ, ಇಳಿದು ಒಂದು ತಣ್ಣನೆಯ ನೀರಿನ ಬಾಟಲಿ ಕೊಂಡು ಡಬ್ಬಿಯ ಬಟ್ಟೆಯ ಮೇಲೆ ಸುರಿದೆ. ಹಸಿವಾಗಿದ್ದರೂ ತಿನ್ನಲು ಮನಸ್ಸಾಗಲಿಲ್ಲ. ದಾರಿಯುದ್ದ ಏನು ಕಂಡಿತೆಂದು ಕೇಳಿದರೆ ಹೇಳಲಾರೆ, ಡಬ್ಬಿಯ ಮುಚ್ಚಳ ಕಂಡಿತು.

ಸಿರಾ ಸೇರುವಾಗ ಎರಡು ಗಂಟೆ ದಾಟಿತ್ತು. ಗಫಾರ್ ಸಾಬರು ಡಬ್ಬಿ ಇಸಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂಗಡಿ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಒಬ್ಬರು ಆಧಾರ್ ಜೆರಾಕ್ಸಿಗೆ ಬಂದರು, ಇನ್ನಿಬ್ಬರು ಪಾಸ್‌ಪೋರ್ಟ್ ಫೋಟೋಗೆ. ಎಲ್ಲರಿಗೂ ಕೂರಿ ಎಂದೆ. ಒಳಗೆ ನಲ್ಲಿ ಬಿಡುವ ಸದ್ದು, ಆಮೇಲೆ ನಿಶ್ಶಬ್ದ. ಮುಕ್ಕಾಲು ಗಂಟೆಯಾಯಿತು.

ಬಾಗಿಲು ತೆರೆಯಿತು. ಕೈಯಲ್ಲಿ ಉದ್ದಕ್ಕೆ ಇಳಿಬಿದ್ದ ಫಿಲ್ಮು. "ಹೊರಸುತ್ತು ಹೋಗಿದೆ ಮೇಡಂ" ಎಂದರು. ಕೊರಟಗೆರೆಯ ಸಂತೆ, ತಲೆ ಬಾಚಿದ ಕಂಡಕ್ಟರ್, ನಾನು ಬಿಸಿಲು ಕಾದು ತೆಗೆದ ಮಧುಗಿರಿ ಬೆಟ್ಟ, ಎಲ್ಲವೂ ಕಲೆ ಕಲೆಯಾಗಿ ಸಿಪ್ಪೆ ಎದ್ದಿದ್ದವು. ನನಗೆ ಅಯ್ಯೋ ಅನ್ನಿಸಲೂ ಇಲ್ಲ. ಕೊನೆಗೆ ತೆಗೆದದ್ದು ಸುರುಳಿಯ ಒಳಗಿನ ತುದಿಗೆ ಸೇರಿರುತ್ತದೆ, ಅಲ್ಲಿಗೆ ನೀರು ಅಷ್ಟಾಗಿ ತಾಗಿರಲಿಲ್ಲವಂತೆ. ಅವರು ಆ ತುದಿಯನ್ನು ಟ್ಯೂಬ್‌ಲೈಟಿಗೆ ಹಿಡಿದರು. ಇಬ್ಬರು ಹೆಂಗಸರು, ಎರಡು ಸಲ. "ನಿಮ್ಮ ದೊಡ್ಡಮ್ಮ ಒಳಗೆ ಸೇಫಾಗಿದ್ದಾರೆ" ಎಂದರು.

ನಾನು ಅತ್ತೆ. ಜೆರಾಕ್ಸಿಗೆ ಬಂದವರ ಎದುರೇ ಅತ್ತೆ, ನಾಚಿಕೆಯಾಗಲಿಲ್ಲ. ಸಾಬರು ಟೀ ತರಿಸಿದರು, ಜೊತೆಗೆ ಎರಡು ಸಮೋಸ. ಅವತ್ತಿನ ಮೊದಲ ಊಟ ಅದು. ಫಿಲ್ಮು ಒಣಗಿದ ಮೇಲೆ ಹಳೆಯ ಕಾಗದದಲ್ಲಿ ಎರಡನೆಯದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಕೊಟ್ಟರು. ಅಂಚಿನಲ್ಲಿ ಒಂದು ನೀರಿನ ಗೆರೆ ಉಳಿದಿದೆ. ದೊಡ್ಡಮ್ಮನ ಕೈ ತಂಗಿಯ ತೊಡೆಯ ಮೇಲಿದೆ, ಇಬ್ಬರೂ ಬಾಯಿ ತೆರೆದು ನಗುತ್ತಿದ್ದಾರೆ. ದೊಡ್ಡಮ್ಮನಿಗೆ ಎದುರಿನ ಹಲ್ಲಿಲ್ಲ, ಅದೂ ಕಾಣುತ್ತಿದೆ.

ಐದು ಗಂಟೆಗೆ ಸಿರಾ ಬಸ್ ನಿಲ್ದಾಣದಿಂದ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು. ಬಂದಿದೆ ದೊಡ್ಡಮ್ಮ, ಚೆನ್ನಾಗಿ ಬಂದಿದೆ, ಇಬ್ಬರೂ ನಗುತ್ತಿದ್ದೀರಿ ಎಂದೆ. ಆ ಕಡೆ ಉಸಿರು ಬಿಟ್ಟ ಸದ್ದು ಕೇಳಿತು. ಪ್ರಿಂಟನ್ನು ನನ್ನ ಫೋನಿನಲ್ಲಿ ಹಿಡಿದು ಈಗಲೇ ಚಿಕ್ಕಮ್ಮನ ಮನೆಗೂ ಕಳಿಸಿಬಿಡಲಾ ಎಂದು ಕೇಳಿದೆ.

"ಬ್ಯಾಡ" ಎಂದಳು. "ಫೋನಿಗೆ ಹಾಕ್ಬ್ಯಾಡ. ನನ್ ಕೈಗೆ ತಂದ್ಕೊಡು. ನಾನೇ ಹಿಂದೂಪುರಕ್ಕೆ ತಗಂಡೋಗಿ ಅವಳಿಗೆ ತೋರುಸ್ತೀನಿ."

ತುಮಕೂರಿನ ಬಸ್ಸು ಎದುರಿಗೇ ನಿಂತು ಹಾರ್ನ್ ಹೊಡೆಯುತ್ತಿತ್ತು. ನಾನು ಹೆಡ್‌ಮಾಸ್ಟರಿಗೆ ನಾಳೆ ರಜೆ ಎಂದು ಮೆಸೇಜು ಹಾಕಿ, ಪಾವಗಡದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದೆ.