ಎರಡು ಹಾಳೆ ಹರಿದ ಬುಧವಾರ

ಆ ಬುಧವಾರ ಬೆಳಿಗ್ಗೆ ಹಾಲು ಒಲೆಗಿಟ್ಟು, ಫಿಲ್ಟರಿಗೆ ಬಿಸಿನೀರು ಸುರಿದು, ಅಡುಗೆಮನೆಯ ಕ್ಯಾಲೆಂಡರಿನಿಂದ ಒಂದರ ಬದಲು ಎರಡು ಹಾಳೆ ಹರಿದೆ — ಬೇಕೆಂದೇ ಹರಿದೆ, ಗಿರಿಜಾ. ನಿನ್ನ ಅಮ್ಮನಿಗೆ ಅರಳುಮರಳಾಗಿರಲಿಲ್ಲ. ಹಾಗೆ ಕಾಣುವಂತೆ ಮಾಡಿದವಳು ನಾನು, ಅವರ ಸೊಸೆ.

ಹನ್ನೊಂದಕ್ಕೆ ಡಾಕ್ಟರು ಬರುವವರಿದ್ದರು. ಹಳೆಯ ವಿಲ್‌ನಲ್ಲಿ ಹನುಮಂತನಗರದ ಈ ಇಡೀ ಮನೆ ನಿನ್ನ ಅಣ್ಣನಿಗಿತ್ತು; ಅದನ್ನು ಬದಲಿಸಿ ಮಹಡಿ ಮನೆಯನ್ನು ನಿನಗೆ ಬರೆಯಲು ಅತ್ತೆ ಹೊರಟಿದ್ದರು. ಎಂಬತ್ತಮೂರು ವಯಸ್ಸು — ನಾಳೆ ತಕರಾರು ಬರಬಾರದು, ಏನು ಬರೆಸುತ್ತಿದ್ದೇನೆಂಬುದು ಅವರಿಗೆ ತಿಳಿದಿದೆ ಎಂದು ಡಾಕ್ಟರು ಬರೆದುಕೊಡಲಿ ಎಂದಿದ್ದರು ಲಾಯರು. ನನಗೆ — ಹೇಗೆ ಹೇಳಲಿ — ಇಪ್ಪತ್ತೆರಡು ವರ್ಷ ಅವರ ಕಾಲಿಗೆ ಎಣ್ಣೆ ಹಚ್ಚಿದವಳು ನಾನು, ಮಹಡಿ ಮಾತ್ರ ಭಾನುವಾರಕ್ಕೊಮ್ಮೆ ಬಿಳೇಕಹಳ್ಳಿಯಿಂದ ಬರುವವಳಿಗೆ ಎಂದು ಹೊಟ್ಟೆ ಉರಿಯಿತು. ಅಷ್ಟೇ.

ಹಾಳೆ ಹರಿಯುವುದು ನನ್ನ ಕೆಲಸ, ಓದುವುದು ಅತ್ತೆಯದು. ಸ್ನಾನ ಮಾಡಿ ಬಂದು, ಕನ್ನಡಕ ಏರಿಸಿ, ವಾರ ತಿಥಿ ಜೋರಾಗಿ ಓದಿ ಹೂ ಕೀಳಲು ಹೋಗುವರು. ಅಂದು ಓದಲಿಲ್ಲ. ಹಾಳೆಯ ತುದಿ ಹಿಡಿದು ನಿಂತರು. ನನ್ನನ್ನು ನೋಡಿದರು. ನಾನು ಹಾಲಿನ ಕೆನೆ ತೆಗೆಯುತ್ತಿದ್ದೆ.

ಡಾಕ್ಟರು ನನ್ನನ್ನು ಹೊರಗೆ ಕೂರಿಸಿದರು. ಬಾಗಿಲ ಸಂದಿಯಿಂದ ಅತ್ತೆಯ ದನಿ ಗಟ್ಟಿಯಾಗಿಯೇ ಕೇಳುತ್ತಿತ್ತು: "ಕೆಳಗಿಂದು ಮಗನಿಗೆ, ಮೇಲಿಂದು ಮಗಳಿಗೆ. ಅವನು ಮುಖ ಊದಿಸ್ಕೋತಾನೆ ಸಾರ್. ಊದಿಸ್ಕೊಳ್ಳಲಿ, ಸಣ್ಣ ಮುಖ!" ಡಾಕ್ಟರು ನಕ್ಕರು. ಆಮೇಲೆ, "ಇವತ್ತು ಯಾವ ವಾರ ಅಮ್ಮಾ?"

"...ಗುರುವಾರ."

ಪೆನ್ನು ನಿಂತಿತೇನೋ. "ಬುಧವಾರ ಅಲ್ವಾ ಅಮ್ಮಾ?" ಎಂದರು ಡಾಕ್ಟರು. ಅಲ್ಲಿಂದ ಮುಂದೆ ಪ್ರತಿ ಉತ್ತರಕ್ಕೂ ಅತ್ತೆ ಬಾಗಿಲ ಕಡೆ ತಿರುಗಿದರು. "ಸುಜಾತಾ, ಮೇಲೆ ಎರಡು ರೂಮು ತಾನೇ? ನಾನ್ ಹೇಳ್ತಿರೋದು ಸರೀನಾ?"

ಅಷ್ಟರಲ್ಲಿ ನಾನು ಬುಧವಾರದ ಹಾಳೆಯನ್ನು ಅನ್ನದ ಅಗುಳಿನಿಂದ ಮತ್ತೆ ಅಂಟಿಸಿ ಬಂದಿದ್ದೆ.

"ವಾರ ತಪ್ಪಿದ್ದು ದೊಡ್ಡ ವಿಷಯ ಅಲ್ಲ ಮೇಡಂ," ಎಂದರು ಡಾಕ್ಟರು, ಹೊರಡುವಾಗ. "ಆದ್ರೆ ಅವ್ರ ಮಾತಿನ ಮೇಲೆ ಅವ್ರಿಗೇ ನಂಬಿಕೆ ಇಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಬರ್ತೀನಿ."

ಅತ್ತೆ ನೇರ ಅಡುಗೆಮನೆಗೆ ಬಂದರು. "ಬೆಳಿಗ್ಗೆ ಇಲ್ಲಿ ಗುರುವಾರ ಇತ್ತಲ್ವೇನೇ?"

"ಇಲ್ಲ ಅತ್ತೆ, ಬುಧವಾರಾನೇ ಇತ್ತು."

ಹಾಳೆಗಿಂತ ದೊಡ್ಡ ಪಾಪ ಈ ಮಾತು. ಎರಡನೆಯ ಸಲ ಡಾಕ್ಟರು ಬರುವುದನ್ನು ಅವರೇ ಬೇಡವೆಂದರು — "ವಾರ ಗೊತ್ತಿಲ್ದೋಳು ವಿಲ್ ಏನ್ ಬರೆಸ್ಲಿ?" ಹಳೆಯ ವಿಲ್ಲೇ ಉಳಿಯಿತು. ಮುಂದೆ ಬದುಕಿದ ಎಂಟು ತಿಂಗಳೂ ಕ್ಯಾಲೆಂಡರಿನ ಕಡೆ ನೋಡಲಿಲ್ಲ. ವಾರ ಯಾವುದೆಂದು ನನ್ನನ್ನೇ ಕೇಳುವರು. ಹೇಳಿದ್ದನ್ನು ನಂಬುವರು.

ಕಾನ್ವೆಂಟಿನಲ್ಲಿ ಕ್ರಿಶ್ಚಿಯನ್ ಗೆಳತಿಯರು ತಪ್ಪು ಹೇಳಿಕೊಳ್ಳಲು ಸಾಲು ನಿಂತಾಗ ನಾವು ವರಾಂಡದಲ್ಲಿ ಕಾಯುತ್ತಿದ್ದೆವು. ಹೇಳಿಕೊಳ್ಳುವಂಥದ್ದು ನನ್ನಲ್ಲೇನಿದೆ ಎಂದುಕೊಳ್ಳುತ್ತಿದ್ದೆ. ಈ ಕಾಗದವನ್ನು ಮೊದಲು ನಿನ್ನ ಅಣ್ಣನಿಗೆ ಓದಿ ಹೇಳಿ, ಆಮೇಲೆ ನಿನ್ನ ಕೈಗೆ ಕೊಡುತ್ತೇನೆ. ಮಹಡಿ ನಿನ್ನದಾಗಲೇಬೇಕು. ಆದರೆ ಆ ಎಂಟು ತಿಂಗಳು — ಅದನ್ನು ಯಾರಿಗೆ ಹಿಂದಿರುಗಿಸಲಿ?

ಆ ಬುಧವಾರ ಸಂಜೆಯೇ ಪಕ್ಕದ ಮನೆಯ ಪದ್ಮಾ ಕರಿಬೇವಿಗೆ ಬಂದಳು. ಎಲೆ ಬಿಡಿಸಿಕೊಳ್ಳುತ್ತಲೇ ಅಂದಳು: "ನಿಮ್ಮತ್ತೆ ಬೆಳಿಗ್ಗೆ ಹೂ ಕೀಳ್ತಾ, ಇವತ್ತು ಬುಧವಾರ ಅಲ್ವೇನೇ ಅಂತ ಕೇಳಿದ್ರು. ಹೂಂ ಅಂದೆ. ಒಪ್ಪಲೇ ಇಲ್ಲ ಕಣ್ರೀ! ನಮ್ಮ ಸುಜಾತಾ ಗುರುವಾರ ಇಟ್ಟಿದ್ದಾಳೆ, ಅವಳು ತಪ್ಪು ಮಾಡಲ್ಲ ಅಂತ ನಂಗೇ ಬುದ್ಧಿ ಹೇಳಿ ಒಳಗೆ ಹೋದ್ರು."