ವಾರ್ಡ್‌ರೋಬಿನ ನೊಣಗಳು

ಮಣ್ಣಗುಡ್ಡದ ಹೊಸ ಫ್ಲಾಟಿನಲ್ಲಿ ನಾವು ಕಳೆದ ಮೊದಲ ಮಳೆಗಾಲದಲ್ಲಿ ಮಲಗುವ ಕೋಣೆಗೆ ನೊಣಗಳು ಬಂದವು. ಸೊಳ್ಳೆಗಿಂತ ಸಣ್ಣವು, ಹೊಟ್ಟೆ ಕಿತ್ತಳೆ ಬಣ್ಣದ್ದು. ಕಚ್ಚುತ್ತಿರಲಿಲ್ಲ, ಕಿವಿಯ ಹತ್ತಿರ ಸದ್ದು ಮಾಡುತ್ತಿರಲಿಲ್ಲ. ಸಂಜೆ ದೀಪ ಹಾಕಿದರೆ ಗೋಡೆಯ ಮೇಲೆ ಕೂರುತ್ತಿದ್ದವು, ಬೆಳಿಗ್ಗೆ ಕಿಟಕಿಯ ಬುಡದಲ್ಲಿ ಸತ್ತು ಬಿದ್ದಿರುತ್ತಿದ್ದವು. ಬಾಡಿಗೆ ಕೊಡದೆ ಇರುವವರಲ್ಲಿ ಇಷ್ಟು ಮರ್ಯಾದಸ್ಥರು ಸಿಗುವುದು ಕಷ್ಟ ಎಂದು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ.

ಅವಳು ಗಲ್ಫಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು. ನಾನು ಇಲ್ಲೇ ಶಾಲೆಯಲ್ಲಿ ಪಾಠ ಮಾಡಿಕೊಂಡಿದ್ದೆ. ರಜೆಯಲ್ಲಿ ಬಂದಾಗ ಅವಳು ಸೂಟ್‌ಕೇಸಿನಿಂದ ಚಾಕಲೇಟು, ಸೋಪು, ಹಾಲಿನ ಪುಡಿ ಎಲ್ಲ ತೆಗೆದು ಬಂಧುಗಳಿಗೆ ಹಂಚುತ್ತಿದ್ದಳು. ತನ್ನ ಬಟ್ಟೆಗಳನ್ನು ಮಾತ್ರ ಅದರಲ್ಲೇ ಬಿಡುತ್ತಿದ್ದಳು. ಹೇಗೂ ಪುನಃ ತುಂಬಿಸಬೇಕಲ್ಲ ಎನ್ನುತ್ತಿದ್ದಳು. ಕೆಲಸ ಬಿಟ್ಟು ಬಂದ ಮೇಲೆ ಹೊಸ ಮನೆಗೆಂದು ಅವಳು ಕೇಳಿದ್ದು ಒಂದೇ, ಗೋಡೆಯಿಂದ ಗೋಡೆಯವರೆಗೆ ಒಂದು ವಾರ್ಡ್‌ರೋಬ್. ಅದರಲ್ಲಿ ಬಟ್ಟೆ ಜೋಡಿಸಿದ ದಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಮಂಚದ ಮೇಲೆ ಕೂತು ನೋಡುತ್ತಲೇ ಇದ್ದಳು. ಕಾಫಿ ಆರಿ ತಣ್ಣಗಾಗಿತ್ತು.

ನೊಣ ಎಲ್ಲಿಂದ ಎಂದು ಹುಡುಕುವಾಗ ನಾವು ಯಾರನ್ನೂ ಬಿಡಲಿಲ್ಲ. ಬಾಲ್ಕನಿಯ ಹೂಕುಂಡ, ಬಾತ್‌ರೂಮಿನ ನೀರು ಹೋಗುವ ತೂತು, ಮಾಗಿದ ಹಲಸಿನ ಹಣ್ಣು, ಎಲ್ಲದರ ಮೇಲೂ ಅನುಮಾನ. ಪಕ್ಕದ ಫ್ಲಾಟಿನ ಬ್ಯಾರಿ ಹೆಂಗಸು ಕನಿಕರದಿಂದ ಸ್ವಲ್ಪ ಲೋಬಾನ ಕೊಟ್ಟರು. ಅದರ ಹೊಗೆಗೆ ನಾವಿಬ್ಬರೂ ಕೆಮ್ಮಿದೆವು, ನೊಣಗಳು ಹಾಯಾಗಿದ್ದವು.

ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಬಾರದಿರಲಿ ಎಂದು ಕಪಾಟಿನೊಳಗೆ ಬಲ್ಬು ಉರಿಸಿಡುವುದು ಇಲ್ಲಿ ಎಷ್ಟೋ ಮನೆಗಳ ರೂಢಿ. ನನ್ನ ಅಮ್ಮನೂ ಹಾಗೆ ಮಾಡುತ್ತಿದ್ದರು. ನಾನೂ ವಾರ್ಡ್‌ರೋಬಿನೊಳಗೆ ಒಂದು ಹಳೆಯ ಬಲ್ಬು ಇಳಿಬಿಟ್ಟು ಬಾಗಿಲು ಮುಚ್ಚಿದ್ದೆ. ಒಂದು ಸಂಜೆ ಬಟ್ಟೆ ಬೆಚ್ಚಗಿದೆಯೇ ಎಂದು ಬಾಗಿಲು ತೆರೆದರೆ ನೊಣಗಳೆಲ್ಲ ಬಲ್ಬಿನ ಸುತ್ತ ಸಭೆ ಸೇರಿದ್ದವು. ಇನ್ನಷ್ಟು ನೊಣಗಳು ತಳದ ಹಲಗೆಯ ಸಂದಿನಿಂದ ಮೇಲೇರಿ ಬರುತ್ತಿದ್ದವು. ಸೀರೆಗಳನ್ನು ಬೆಚ್ಚಗಿಡುವ ಗಡಿಬಿಡಿಯಲ್ಲಿ ಅವುಗಳ ಕೆಳಗೆ ಏನಿದೆ ಎಂದು ನಾವು ಬಗ್ಗಿ ನೋಡಿರಲೇ ಇಲ್ಲ.

ಹಲಗೆ ಎಬ್ಬಿಸಿದೆ. ಗೋಡೆಯ ತೇವ ಹೀರಿ, ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಉಬ್ಬಿತ್ತು, ಅಡಿಯಲ್ಲೆಲ್ಲ ಬೂಷ್ಟು, ಬೂಷ್ಟಿನ ತುಂಬ ಕಿತ್ತಳೆ ಬಣ್ಣದ ಮರಿಹುಳುಗಳು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಗೆಳೆಯನೊಬ್ಬ ಬಂದು ನೋಡಿದ. ಭತ್ತದ ಪೈರು ಕೆಡಿಸುವ ಕಣೆ ನೊಣದ ಬಳಗವೇ ಇದು, ಆದರೆ ಇದಕ್ಕೆ ಬೂಷ್ಟೇ ಊಟ, ಮನುಷ್ಯರಿಗೂ ಬಟ್ಟೆಗೂ ತೊಂದರೆಯಿಲ್ಲ ಎಂದ. ಇಂಥವು ಮರದ ಸಾಮಾನಿನ ಜೊತೆ ದೂರದೂರಿಗೆ ಹೋಗಿ ಹೊಸ ಮನೆಗಳಲ್ಲಿ ಸಂಸಾರ ಹೂಡುತ್ತವಂತೆ. ಔಷಧಿ ಹೊಡೆದು ಪ್ರಯೋಜನವಿಲ್ಲ, ಬೋರ್ಡನ್ನೇ ತೆಗೆಸಿ ಗೋಡೆ ಒಣಗಲು ಬಿಡಬೇಕು ಎಂದೂ ಹೇಳಿದ. ಹೆಂಡತಿ ರೋಗಿಯ ರಿಪೋರ್ಟು ಕೇಳುವಂತೆ ಕೇಳಿಸಿಕೊಂಡಳು.

ಮರುದಿನ ಬಡಗಿ ಬರುವವನಿದ್ದ. ನಾನು ಲಾಫ್ಟಿನಿಂದ ಅವಳ ದೊಡ್ಡ ಸೂಟ್‌ಕೇಸುಗಳನ್ನು ಇಳಿಸಿ, ಧೂಳು ಒರೆಸಿ, ಮಂಚದ ಪಕ್ಕ ತೆರೆದಿಟ್ಟೆ. ಒಳ್ಳೆಯ ಕೆಲಸ ಮಾಡಿದೆ ಎಂದೇ ನನ್ನ ಎಣಿಕೆ. ಅವಳು ಸೀರೆಗಳ ಅಟ್ಟಿಯನ್ನು ಎದೆಗೊತ್ತಿಕೊಂಡು ಬಂದವಳು ಅಲ್ಲೇ ನಿಂತಳು.

"ಇದನ್ನು ಎಂತಕ್ಕೆ ಇಳಿಸಿದ್ದು?"

"ಬಟ್ಟೆ ಇಡ್ಲಿಕ್ಕೆ. ಮಳೆ ಬಿಡುವವರೆಗೆ ಮಾತ್ರ."

"ಅದರಲ್ಲಿ ಬೇಡ," ಎಂದಳು. "ನಾನು ಬಂದು ಆಗಿದೆ."

ನಾನು ಸೂಟ್‌ಕೇಸುಗಳನ್ನು ಮುಚ್ಚಿ ಪುನಃ ಲಾಫ್ಟಿಗೆ ಏರಿಸಿದೆ. ಅವಳು ಸೀರೆಗಳನ್ನು ಊಟದ ಮೇಜಿನ ಮೇಲೆ ಇಟ್ಟಳು, ಉಳಿದ ಬಟ್ಟೆಗಳನ್ನು ಕುರ್ಚಿಗಳ ಮೇಲೆ ಪೇರಿಸಿದಳು.

ಬಡಗಿ ಬೋರ್ಡುಗಳನ್ನು ಕಿತ್ತು ಒಯ್ದ ಮೇಲೆ ನೊಣಗಳು ದಿನದಿನಕ್ಕೆ ಕಡಿಮೆಯಾದವು. ಗೋಡೆ ಒಣಗಲು ಮಳೆ ಬಿಡಬೇಕಿತ್ತು. ಅಲ್ಲಿಯವರೆಗೆ ನಾವಿಬ್ಬರೂ ಅಡುಗೆಮನೆಯ ನೆಲದಲ್ಲಿ ಕೂತು ಗಂಜಿ ಉಂಡೆವು. ಮನೆಗೆ ಬಂದವರಿಗೆ ಕೂರಲು ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಅವಳು ಅದಕ್ಕೆ ಯಾರಲ್ಲೂ ಕ್ಷಮೆ ಕೇಳಲಿಲ್ಲ.