ಮುಳುಗದ ದೋಣಿಯ ಆಟ

ಗೆಳೆಯರೇ, ಹಂಗಾರಕಟ್ಟೆಯಲ್ಲಿ ನನ್ನ ಅಕ್ಕನ ಮಗಳು ಒಬ್ಬಳೇ ಕೂತು ಮಾಡಿದ ವಿಡಿಯೋ ಗೇಮಿಗೆ ಇವತ್ತು ಜಪಾನಿನಿಂದ ಉತ್ತರ ಬಂತು. ದೊಡ್ಡ ಕಂಪನಿ ಬಿಟ್ಟು, ವರ್ಷಗಳಿಂದ ಒಂಟಿಯಾಗಿ ಆಟಗಳನ್ನು ಮಾಡುತ್ತಿರುವ ಅಲ್ಲಿನ ಒಬ್ಬನಿಗೆ ಅವಳು ಅದನ್ನು ಕಳಿಸಿದ್ದಳು. ಅವನು ಬರೆದಿದ್ದ: “ನನ್ನ ಆಟಗಳ ಜೊತೆ ಇದನ್ನೂ ಬಿಡುಗಡೆ ಮಾಡುತ್ತೇನೆ. ಆದರೆ ದೋಣಿ ಮುಳುಗುವುದೇ ಇಲ್ಲವಲ್ಲ? ಆಟ ಅಂದ ಮೇಲೆ ಸೋಲು ಬೇಕು.”

ಗೇಮಿನ ದೋಣಿಗೆ ಅವಳು ಇಟ್ಟಿದ್ದು ಅಪ್ಪ ಮೀನಿಗೆ ಹೋಗುವ ದೋಣಿಯ ಹೆಸರು.

“ಹೆಣೆ, ಅಪ್ಪಯ್ಯ ಇನ್ನೂ ಕಡ್ಲಂಗ್ ಇದ್ರ್. ಈಗ ಮುಳ್ಗ್ಸ್ತ್ಯಾ?” ಅಕ್ಕ ಮಗಳ ಕೈಯನ್ನೇ ಹಿಡಿದಳು.

“ಹೆಸ್ರ್ ಬದ್ಲ್ ಮಾಡ್ತೆ ಅಮ್ಮ.”

“ಬೇರೆಯೋರ್ ದೋಣಿಯೊಳ್ಗ್ ಜನ ಇಲ್ಯಾ?”

ಕಿಟಕಿಯಾಚೆ, ಹೊಳೆ ಕಡಲು ಸೇರುವ ಅಳಿವೆ ಖಾಲಿಯಾಗಿತ್ತು. ಭಾವ ಬರುವ ಹೊತ್ತು ಮೀರಿತ್ತು. ಅವರು ದಡ ಸೇರಿದ ಮೇಲೆ ಮುಳುಗಿಸಿದರಾಯಿತು ಎಂದೆ.

“ನಾಳೆ ಮತ್ತ್ ಹೋತ್ರ್ ಅಲ್ದಾ, ಮಾರಾಯ?” ಎಂದಳು ಅಕ್ಕ.

ಹೀಗಾದರೆ, ಭಾವ ಕಡಲಿಗೆ ಹೋಗುವುದನ್ನು ಬಿಟ್ಟ ದಿನವೇ ಮಗಳ ವೃತ್ತಿ ಆರಂಭವಾಗಬೇಕು.